ಹೆಸರು ಕೇಳದ ಮನೆ

2024ರ ಡಿಸೆಂಬರಿನಲ್ಲಿ ಒಂದು ಚಿಕ್ಕ ಸುದ್ದಿ ಓದಿದೆ. ಹಳೆಯ ಸಿನಿಮಾಗಳನ್ನು ಕಾಪಾಡಿ ತೋರಿಸುವ ಪ್ಯಾರಿಸ್ಸಿನ ಸಿನೆಮಾತೆಕ್ ಫ್ರಾನ್ಸೇಸ್‌ನಲ್ಲಿ ಅಮೆರಿಕದ ನಟ ಮಾರ್ಲನ್ ಬ್ರ್ಯಾಂಡೋ ಸಿನಿಮಾಗಳನ್ನು ಸಾಲಾಗಿ ತೋರಿಸುತ್ತಿದ್ದರು. ಅದರಲ್ಲಿ 1972ರ 'ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್' ಕೂಡ ಇತ್ತು. ಹಿಂದೆ ಮುಂದೆ ಏನೂ ಹೇಳದೆ ಅದನ್ನು ಹಾಗೇ ಹೇಗೆ ತೋರಿಸುತ್ತೀರಿ ಎಂದು ಮಹಿಳಾ ಸಂಘಟನೆಗಳು ಕೇಳಿದವು. ಸಿನಿಮಾಕ್ಕೆ ಮೊದಲು ಚರ್ಚೆ ಇಡುತ್ತೇವೆ ಎಂದು ಸಿನೆಮಾತೆಕ್‌ನವರು ಹೇಳಿದರು. ಆಮೇಲೆ ನೋಡುಗರ, ಸಿಬ್ಬಂದಿಯ ಸುರಕ್ಷತೆಯ ಕಾರಣ ಕೊಟ್ಟು ಪ್ರದರ್ಶನವನ್ನೇ ರದ್ದು ಮಾಡಿದರು. ಸುದ್ದಿ ಅಷ್ಟೇ. ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋದೆ. ಒಲೆ ಹಚ್ಚಿ, ಅದರ ಮೇಲೆ ಏನೂ ಇಡದೆ ಸುಮ್ನೆ ನಿಂತಿದ್ದೆ. ಇಪ್ಪತ್ತಾರು ವರ್ಷದ ಹಿಂದೆ ಒಬ್ಬ ಟೀಚರ್ ಹೇಳಿದ ಒಂದು ವಾಕ್ಯ ಕಿವಿಯಲ್ಲಿ ಕೇಳಿಸುತ್ತಿತ್ತು. ಅದಕ್ಕೆ ನಾನು ಕೊಟ್ಟ ಉತ್ತರವೂ ಕೇಳಿಸುತ್ತಿತ್ತು.

ಅವತ್ತಿನಿಂದ ಇದನ್ನು ಬರೆಯಬೇಕು ಅಂದುಕೊಂಡೇ ಇದ್ದೆ. ಬರೆಯಲು ಕೂತಾಗಲೆಲ್ಲ ಸಿನಿಮಾದ ಬಗ್ಗೆ ಬರೆಯಲೋ, ನೋಡುವವರ ಬಗ್ಗೆ ಬರೆಯಲೋ ಗೊತ್ತಾಗುತ್ತಿರಲಿಲ್ಲ. ಈಗ ಅನ್ನಿಸುತ್ತದೆ, ನನಗೆ ಹೇಳಬೇಕಾಗಿರುವುದು ನೋಡುವವರ ಬಗ್ಗೆಯೇ. ಅದರಲ್ಲೂ ಸಿನಿಮಾವನ್ನು ತುಂಬಾ ಪ್ರೀತಿಸುವವರ ಬಗ್ಗೆ. ಅಂದರೆ ನಮ್ಮ ಬಗ್ಗೆ.

ಮಳೆಯ ಸಂಜೆ

1998. ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಗೆ ನಾನು ಸದಸ್ಯೆಯಾಗಿ ಎರಡು ವರ್ಷವಾಗಿತ್ತು. ಭಾನುವಾರ ಸಂಜೆ ಒಂದು ಮಹಡಿ ಮೇಲಿನ ಹಾಲಿನಲ್ಲಿ ಸಿನಿಮಾ. ಕಬ್ಬಿಣದ ಮಡಚುವ ಕುರ್ಚಿಗಳು. ಕಿಟಕಿಗೆ ಕಪ್ಪು ಬಟ್ಟೆ. ಸದ್ದು ಮಾಡುತ್ತವೆ ಎಂದು ಸಿನಿಮಾ ಶುರುವಾದ ಕೂಡಲೇ ಫ್ಯಾನ್ ಆರಿಸುತ್ತಿದ್ದರು, ಹಾಗಾಗಿ ಎಲ್ಲರೂ ಕೈಯಲ್ಲಿ ಕರಪತ್ರ ಬೀಸಿಕೊಳ್ಳುತ್ತ ನೋಡುತ್ತಿದ್ದೆವು. ಬೇರೆ ದಿನ ನಲವತ್ತು ಜನ ಬಂದರೆ ಹೆಚ್ಚು. ಅವತ್ತು ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಯಾವತ್ತೂ ಕಾಣದ ಮುಖಗಳು. ಯಾಕೆ ಬಂದಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ನಾವು ನಾಲ್ಕೇ ಜನ. ಒಂದೇ ಸಾಲಿನಲ್ಲಿ, ಗೋಡೆಯ ಪಕ್ಕ ಕೂತಿದ್ದೆವು. ನನ್ನ ಪಕ್ಕದಲ್ಲಿ ಟೀಚರ್. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಚೀಲದಲ್ಲಿ ಸದಾ ಒಂದು ಕೊಡೆ, ಒಂದು ಪೊಟ್ಟಣ ಕಡಲೆಬೀಜ.

ಕಥೆ ಬಹಳ ಜನಕ್ಕೆ ಗೊತ್ತು. ಪ್ಯಾರಿಸ್ಸಿನಲ್ಲಿರುವ ನಡುವಯಸ್ಸಿನ ಅಮೆರಿಕನ್ ಪಾಲ್. ಹೆಂಡತಿ ಆತ್ಮಹತ್ಯೆ ಮಾಡಿಕೊಂಡಿದ್ದಾಳೆ. ಬಾಡಿಗೆಗೆ ಮನೆ ನೋಡಲು ಬಂದ ಇಪ್ಪತ್ತರ ಹುಡುಗಿ ಜಾನ್. ಒಂದು ಖಾಲಿ ಮನೆಯಲ್ಲಿ ಇಬ್ಬರೂ ಸಿಗುತ್ತಾರೆ, ಕೂಡುತ್ತಾರೆ. ಅವನು ಒಂದು ನಿಯಮ ಹಾಕುತ್ತಾನೆ. ಹೆಸರು ಹೇಳಬಾರದು, ಕೇಳಬಾರದು. ಹೊರಗಿನ ಬದುಕು ಈ ಬಾಗಿಲೊಳಗೆ ಬರಬಾರದು. ಅರ್ಧ ದಾಟಿದ ಮೇಲೆ ಆ ದೃಶ್ಯ ಬರುತ್ತದೆ. ಅವನು ಅವಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ, ಅಡುಗೆಮನೆಯ ಬೆಣ್ಣೆ ಬಳಸುತ್ತಾನೆ, ಅವಳು ಅಳುತ್ತಾಳೆ. ಹಾಲಿನಲ್ಲಿ ಹಿಂದಿನ ಸಾಲಿನಿಂದ ಯಾರೋ ಕೆಮ್ಮಿದರು. ಇನ್ಯಾರೋ ನಕ್ಕರು. ಟೀಚರ್ ಕೈಯಲ್ಲಿ ಬೀಸುತ್ತಿದ್ದ ಕಾಗದ ನಿಂತುಬಿಟ್ಟಿತು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿನಿಮಾ ಮುಗಿಯುವ ತನಕ ಅವರು ಮತ್ತೆ ಬೀಸಿಕೊಳ್ಳಲಿಲ್ಲ.

ಮುಗಿದ ಮೇಲೆ ಹೊರಗೆ ಜೋರು ಮಳೆ. ಯಾರೂ ಹೋಗುವ ಹಾಗಿಲ್ಲ. ಹಾಗಾಗಿ ಚರ್ಚೆ ಅವತ್ತು ಬಹಳ ಹೊತ್ತು ನಡೆಯಿತು. ಚಹಾ ಬಂತು. ಹಿರಿಯ ಸದಸ್ಯರೊಬ್ಬರು ಶುರುಮಾಡಿದರು. ಆರಂಭದಲ್ಲಿ ಬರುವ ಫ್ರಾನ್ಸಿಸ್ ಬೇಕನ್‌ನ ವರ್ಣಚಿತ್ರಗಳು, ಛಾಯಾಗ್ರಾಹಕ ವಿಟ್ಟೋರಿಯೋ ಸ್ತೊರಾರೋ ಹಿಡಿದ ಕಿತ್ತಳೆ ಬಣ್ಣದ ಬೆಳಕು, ಗಾತೊ ಬಾರ್ಬಿಯೆರಿಯ ಸ್ಯಾಕ್ಸೊಫೋನು. ಎಲ್ಲಾ ಚೆನ್ನಾಗಿ ವಿವರಿಸಿದರು. ಆಗ ಗೋಡೆ ಪಕ್ಕ ನಿಂತಿದ್ದ ಒಬ್ಬರು ಸಿಟ್ಟಿನಿಂದ ಮುಂದೆ ಬಂದರು. "ಏನ್ ಸ್ವಾಮಿ, ಇದಕ್ಕೆಲ್ಲ ಕಲೆ ಅಂತೀರಾ? ಹೆಂಡತಿ ಮಕ್ಕಳ ಜೊತೆ ಕೂತು ನೋಡೋಕಾಗುತ್ತಾ?" ಎಂದರು. ಅಲ್ಲಿಂದ ಹಾಲಿನಲ್ಲಿದ್ದವರು ಎರಡು ಭಾಗವಾದರು. ಒಂದು ಕಡೆ ಅಶ್ಲೀಲ ಎನ್ನುವವರು. ಇನ್ನೊಂದು ಕಡೆ, ದೇಹವನ್ನು ಕಂಡರೆ ಹೆದರುವ ಸಮಾಜ ಇದು, ದುಃಖ ಒಬ್ಬ ಮನುಷ್ಯನನ್ನು ಎಲ್ಲಿಗೆ ತಳ್ಳುತ್ತದೆ ಅನ್ನುವುದನ್ನು ನೋಡಲಾರಿರಿ ಎನ್ನುವವರು. ನಾನು ಎರಡನೆಯ ಕಡೆ. ನನಗಾಗ ಇಪ್ಪತ್ತನಾಲ್ಕು. ನಾಲ್ಕು ಹೆಂಗಸರಲ್ಲಿ ಒಬ್ಬಳಾಗಿ ಆ ಹಾಲಿನಲ್ಲಿ ಕೂತಿದ್ದೇ ಒಂದು ಧೈರ್ಯ ಅಂದುಕೊಂಡಿದ್ದೆ.

ಟೀಚರ್ ಕೊನೆಗೆ ಮಾತಾಡಿದರು. ಎದ್ದು ನಿಲ್ಲಲಿಲ್ಲ. ಕೂತಲ್ಲೇ, ಮೆಲ್ಲಗೆ ಹೇಳಿದರು. "ಅಶ್ಲೀಲವೋ ಕಲೆಯೋ ನನಗೆ ಗೊತ್ತಿಲ್ಲ. ಆ ಹುಡುಗಿ ಅಲ್ಲಿ ಅಳ್ತಿದ್ದಳಲ್ಲ, ಅದು ನಟನೆ ಅನ್ನಿಸಲಿಲ್ಲ ನನಗೆ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ್ದೀನಿ. ಅಳೋ ಮಕ್ಕಳನ್ನ ನೋಡಿದ್ದೀನಿ."

ಯಾರೂ ಏನೂ ಹೇಳಲಿಲ್ಲ. ನಾನು ಹೇಳಿದೆ. "ಟೀಚರ್, ನಟನೆ ಅನ್ನಿಸಲಿಲ್ಲ ಅಂದ್ರೆ ಅದೇ ಅಲ್ವಾ ನಟನೆಯ ಶಕ್ತಿ?" ಎರಡು ಮೂರು ಜನ ಚಪ್ಪಾಳೆ ತಟ್ಟಿದರು. ಟೀಚರ್ ನನ್ನ ಮುಖ ನೋಡಿ, ಇರಬಹುದು ಎನ್ನುವ ಹಾಗೆ ತಲೆಯಾಡಿಸಿದರು. ಮಳೆ ನಿಂತಿತು. ಕೊಡೆ ತೆಗೆದುಕೊಂಡು ಇಳಿದು ಹೋದರು.

ಎರಡೂ ಕಡೆಯವರು ನೋಡಿದ್ದು ಪರದೆಯನ್ನೇ

ನಮ್ಮ ಹಾಲಿನಲ್ಲಿ ಆದ ಜಗಳ ಹೊಸದಲ್ಲ. ಸಿನಿಮಾ ಬಂದ ದಿನದಿಂದ ಜಗತ್ತೆಲ್ಲ ಹಾಗೇ ಜಗಳವಾಡಿತ್ತು. 1972ರ ಅಕ್ಟೋಬರ್ 14ರಂದು ನ್ಯೂಯಾರ್ಕ್ ಚಿತ್ರೋತ್ಸವದ ಕೊನೆಯ ರಾತ್ರಿ ಮೊದಲು ತೋರಿಸಿದರು. 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ವಿಮರ್ಶಕಿ ಪಾಲಿನ್ ಕೇಲ್ ಆ ತಾರೀಖನ್ನೇ ಸಿನಿಮಾ ಚರಿತ್ರೆಯ ಮೈಲಿಗಲ್ಲು ಎಂದು ಕರೆದರು. 1913ರಲ್ಲಿ ಸಂಗೀತಗಾರ ಸ್ಟ್ರಾವಿನ್ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ಮೊದಲ ಸಲ ಪ್ಯಾರಿಸ್ಸಿನಲ್ಲಿ ಕೇಳಿಸಿದ ರಾತ್ರಿಗೆ ಇದನ್ನು ಹೋಲಿಸಿದರು. ಸಿನಿಮಾ ಕಂಪನಿ ಆ ವಿಮರ್ಶೆಯನ್ನೇ ಪತ್ರಿಕೆಯಲ್ಲಿ ಜಾಹೀರಾತಾಗಿ ಹಾಕಿಸಿತು. ಅಮೆರಿಕದಲ್ಲಿ ದೊಡ್ಡವರಿಗೆ ಮಾತ್ರ ಎನ್ನುವ ಎಕ್ಸ್ ಸರ್ಟಿಫಿಕೇಟ್ ಸಿಕ್ಕಿತು. ಸರ್ವಾಧಿಕಾರಿ ಫ್ರಾಂಕೋನ ಸ್ಪೇನಿನಲ್ಲಿ ನಿಷೇಧ. ಅಲ್ಲಿಯ ಜನ ಗಡಿ ದಾಟಿ ಫ್ರಾನ್ಸಿನ ಪೆರ್ಪಿನ್ಯಾಂಗೆ ಹೋಗಿ ಸಾಲು ನಿಂತು ನೋಡಿ ಬಂದರು. ನಿರ್ದೇಶಕ ಬರ್ನಾರ್ಡೊ ಬೆರ್ತೊಲುಚ್ಚಿಯ ಸ್ವಂತ ಇಟಲಿಯಲ್ಲಿ ಕೋರ್ಟಿಗೆ ಹೋಯಿತು. 1976ರ ಜನವರಿಯಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯ ಪ್ರಿಂಟುಗಳನ್ನೆಲ್ಲ ನಾಶ ಮಾಡಿ ಎಂದಿತು. ಬೆರ್ತೊಲುಚ್ಚಿಗೆ ಅಮಾನತಿನಲ್ಲಿಟ್ಟ ನಾಲ್ಕು ತಿಂಗಳ ಜೈಲು ಶಿಕ್ಷೆ, ಐದು ವರ್ಷ ಮತ ಹಾಕುವ ಹಕ್ಕಿಲ್ಲ. 1987ರಲ್ಲಿ ಮಾತ್ರ ಇಟಲಿ ಮತ್ತೆ ಒಪ್ಪಿಕೊಂಡಿತು.

ನಮ್ಮಂಥವರು ಬೆಳೆದದ್ದು ಈ ಕಥೆ ಕೇಳಿಕೊಂಡೇ. ಒಂದು ಸಿನಿಮಾವನ್ನು ಸುಡಲು ಹೊರಟ ಕೋರ್ಟು, ಅದನ್ನು ಉಳಿಸಿಕೊಂಡ ಪ್ರೇಮಿಗಳು. ಯಾರ ಪಕ್ಷ ಹಿಡಿಯಬೇಕು ಎನ್ನುವುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ. ಸೆನ್ಸಾರಿನ ವಿರುದ್ಧ ನಿಂತವರು ನಾವು. ಇವತ್ತೂ ಆ ಪ್ರಿಂಟುಗಳನ್ನು ಸುಡಬೇಕಿತ್ತು ಎಂದು ನಾನು ಹೇಳುವುದಿಲ್ಲ. ಸುಡುವುದನ್ನು ಯಾವತ್ತೂ ಒಪ್ಪುವುದಿಲ್ಲ.

ಆದರೆ ಒಂದು ವಿಷಯ ನೋಡಿ. ಇಟಲಿಯ ಕೋರ್ಟಿನಲ್ಲಿದ್ದ ಮೊಕದ್ದಮೆ ಅಶ್ಲೀಲತೆಯದ್ದು. ನೋಡುವವರ ಶೀಲಕ್ಕೆ ಧಕ್ಕೆಯಾಯಿತೇ ಎನ್ನುವುದು ಪ್ರಶ್ನೆ. ಹೊಗಳಿದವರ ಪ್ರಶ್ನೆ, ನೋಡುವವರ ಮನಸ್ಸು ತೆರೆಯಿತೇ ಎನ್ನುವುದು. ಇಬ್ಬರೂ ಪರದೆಯನ್ನು ನೋಡುತ್ತಿದ್ದರು, ಆಮೇಲೆ ತಮ್ಮನ್ನು ನೋಡಿಕೊಳ್ಳುತ್ತಿದ್ದರು. ಕ್ಯಾಮೆರಾದ ಮುಂದೆ ಒಬ್ಬ ಹುಡುಗಿ ಇದ್ದಳಲ್ಲ, ಆ ದಿನ ಅವಳಿಗೆ ಏನಾಯಿತು ಎಂದು ಕೇಳುವ ಜಾಗವೇ ಆ ಜಗಳದಲ್ಲಿ ಇರಲಿಲ್ಲ. ಆಗಲೂ ಕೆಲವು ಹೆಂಗಸರು ಸಿಟ್ಟಿನಿಂದ ಬರೆದಿದ್ದರು. ಅವಳು ಬೆತ್ತಲೆ, ಅವನು ಹೆಚ್ಚಿನ ಹೊತ್ತು ಬಟ್ಟೆಯಲ್ಲಿ, ಇದು ಯಾರ ಕಣ್ಣು ಹೇಳಿ ಎಂದು ಕೇಳಿದ್ದರು. ಅವರನ್ನೂ ಮಡಿವಂತರ ಸಾಲಿಗೆ ಸೇರಿಸಿದರು. ಸೆನ್ಸಾರಿನ ಜೊತೆ ಹೋರಾಡಿ ಹೋರಾಡಿ ನಮಗೆ ಒಂದು ಅಭ್ಯಾಸ ಆಗಿಹೋಗಿತ್ತು. ಯಾರು ಬೇಡ ಎಂದರೂ ಅವರು ಸೆನ್ಸಾರಿನವರ ಹಾಗೆ ಕಾಣುತ್ತಿದ್ದರು. ಟೀಚರ್ ಕೂಡ ನನಗೆ ಹಾಗೇ ಕಂಡರು. ಅವರು ಬೇಡ ಎಂದಿರಲೇ ಇಲ್ಲ. ಕಂಡದ್ದನ್ನು ಹೇಳಿದ್ದರು, ಅಷ್ಟೇ.

ಅವಳು ಹೇಳುತ್ತಲೇ ಇದ್ದಳು

ಜಾನ್ ಪಾತ್ರ ಮಾಡಿದ ಮರಿಯಾ ಶ್ನೈಡರ್‌ಗೆ ಆಗ 19 ವರ್ಷ. ಪಾಲ್ ಆಗಿದ್ದ ಬ್ರ್ಯಾಂಡೋಗೆ 48ರ ಹತ್ತಿರ. ಅದೇ ವರ್ಷ 'ಗಾಡ್‌ಫಾದರ್' ಬಂದಿತ್ತು. ಬೆರ್ತೊಲುಚ್ಚಿಗೆ ಮೂವತ್ತೊಂದು. ಆ ಸೆಟ್ಟಿನಲ್ಲಿ ಯಾರ ಮಾತು ನಡೆಯುತ್ತದೆ, ಯಾರದ್ದು ನಡೆಯುವುದಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

2007ರಲ್ಲಿ ಒಂದು ಬ್ರಿಟಿಷ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಆ ದೃಶ್ಯ ಮೊದಲಿನ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಶೂಟಿಂಗಿಗೆ ಸ್ವಲ್ಪ ಮುಂಚೆ ತನಗೆ ತಿಳಿಸಿದರು. ತನಗೆ ಸಿಟ್ಟು ಬಂತು. ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ಮಾಡು ಎಂದು ಯಾರೂ ಒತ್ತಾಯಿಸುವ ಹಾಗಿಲ್ಲ, ಏಜೆಂಟನ್ನೋ ವಕೀಲರನ್ನೋ ಕರೆಸಬೇಕಿತ್ತು, ಆದರೆ ಆಗ ಅದು ತನಗೆ ಗೊತ್ತಿರಲಿಲ್ಲ. ಯೋಚಿಸಬೇಡ, ಇದು ಬರೀ ಸಿನಿಮಾ ಎಂದು ಬ್ರ್ಯಾಂಡೋ ಹೇಳಿದ. ಅವನು ಮಾಡಿದ್ದು ನಟನೆಯೇ ಆದರೂ ತಾನು ಅತ್ತದ್ದು ನಿಜವಾದ ಕಣ್ಣೀರು. ಬ್ರ್ಯಾಂಡೋ, ಬೆರ್ತೊಲುಚ್ಚಿ ಇಬ್ಬರೂ ಸೇರಿ ತನ್ನನ್ನು ಸ್ವಲ್ಪ ಅತ್ಯಾಚಾರ ಮಾಡಿದ ಹಾಗೇ ಅನ್ನಿಸಿತು. ಮುಗಿದ ಮೇಲೆ ಬ್ರ್ಯಾಂಡೋ ಸಮಾಧಾನ ಮಾಡಲಿಲ್ಲ, ಕ್ಷಮೆ ಕೇಳಲಿಲ್ಲ. ಪುಣ್ಯಕ್ಕೆ ಒಂದೇ ಟೇಕಿಗೆ ಮುಗಿಯಿತು.

ನಿಜವಾದ ಕಣ್ಣೀರು. ಇದನ್ನು ಓದಿದಾಗ ನನಗೆ ಹೇಗಾಗಿರಬೇಡ. ಅದನ್ನು ನಾನು ಓದಿದ್ದು 2007ರಲ್ಲೂ ಅಲ್ಲ, 2016ರಲ್ಲಿ. ಅವಳು ತೀರಿಕೊಂಡು ಐದು ವರ್ಷ ಆಗಿತ್ತು. 2013ರಲ್ಲಿ ಬೆರ್ತೊಲುಚ್ಚಿ ಡಚ್ ಟೀವಿಯಲ್ಲಿ ಮಾತಾಡಿದ್ದ ವಿಡಿಯೋ 2016ರ ಕೊನೆಗೆ ಮತ್ತೆ ಓಡಾಡತೊಡಗಿತು. ಬೆಣ್ಣೆಯ ಯೋಚನೆ ತನಗೂ ಬ್ರ್ಯಾಂಡೋಗೂ ಆ ಬೆಳಿಗ್ಗೆ ಹೊಳೆಯಿತು, ಅವಳಿಗೆ ಬೇಕೆಂದೇ ಹೇಳಲಿಲ್ಲ, ನಟಿಯಾಗಿ ಅಲ್ಲದೆ ಹುಡುಗಿಯಾಗಿ ಅವಳ ಪ್ರತಿಕ್ರಿಯೆ ಬೇಕಿತ್ತು, ಅವಮಾನವನ್ನು ಅವಳು ನಟಿಸುವುದು ಬೇಡ, ಅನುಭವಿಸಬೇಕಿತ್ತು ಎಂದಿದ್ದ. ತಪ್ಪಿತಸ್ಥ ಭಾವನೆ ಇದೆ, ಆದರೆ ಪಶ್ಚಾತ್ತಾಪ ಇಲ್ಲ ಎಂದೂ ಹೇಳಿದ್ದ. ಗಲಾಟೆ ಜೋರಾದ ಮೇಲೆ, ದೃಶ್ಯದ ಹಿಂಸೆ ಸ್ಕ್ರಿಪ್ಟಿನಲ್ಲಿತ್ತು, ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದ್ದು ಬೆಣ್ಣೆ ಮಾತ್ರ ಎಂದು ಹೇಳಿಕೆ ಕೊಟ್ಟ. ಅವಳು ಹೇಳಿದ್ದಕ್ಕೂ ಇವನು ಹೇಳಿದ್ದಕ್ಕೂ ಅಲ್ಲಿ ತಾಳೆಯಾಗುವುದಿಲ್ಲ. ನಾನು ಅವಳ ಮಾತನ್ನು ನಂಬುತ್ತೇನೆ. ಇವನ ಮಾತನ್ನೇ ತೆಗೆದುಕೊಂಡರೂ ಸಾಕು. ಬೇಕೆಂದೇ ಮುಚ್ಚಿಟ್ಟೆವು ಎಂದು ಅವನೇ ಹೇಳಿದ್ದಾನಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಅವಳು ಮೊದಲ ಸಲ ಬಾಯಿಬಿಟ್ಟದ್ದು 2007ರಲ್ಲಿ ಅಲ್ಲ. ಎಪ್ಪತ್ತರ ದಶಕದಲ್ಲೇ ನಟಿ ಡೆಲ್ಫಿನ್ ಸೇರಿಗ್ ಬೇರೆ ಬೇರೆ ನಟಿಯರನ್ನು ಕೂರಿಸಿಕೊಂಡು ಒಂದು ಸಾಕ್ಷ್ಯಚಿತ್ರ ಮಾಡಿದಳು. ಅದು 1981ರಲ್ಲಿ ಹೊರಬಂತು. ಅದರಲ್ಲಿ ಮರಿಯಾ ಕೂಡ ಇದ್ದಾಳೆ. ಸಿನಿಮಾದಲ್ಲಿ ಎಲ್ಲ ಗಂಡಸರ ಕೈಯಲ್ಲೇ ಇದೆ ಎಂದು ನೇರವಾಗಿ ಹೇಳುತ್ತಾಳೆ. ಎಂಬತ್ತರ ದಶಕದ ಒಂದು ಫ್ರೆಂಚ್ ಟೀವಿ ಸಂದರ್ಶನದಲ್ಲಿ ಆ ಸಿನಿಮಾದ ಸುದ್ದಿ ಎತ್ತಿದಾಗ, ಅದರ ಬಗ್ಗೆ ಬೇಡ ಎನ್ನುತ್ತಾಳೆ. ಅವಳು ಹೇಳುತ್ತಲೇ ಇದ್ದಳು. ಜಗತ್ತು ಕೇಳಿಸಿಕೊಂಡದ್ದು ಗಂಡಸು ಅದನ್ನೇ ಟೀವಿಯಲ್ಲಿ ಹೇಳಿದಾಗ. ಅದೂ ಅವನು ಹೇಳಿ ಮೂರು ವರ್ಷವಾದ ಮೇಲೆ.

ಬ್ರ್ಯಾಂಡೋ ಕೂಡ ಆ ಸಿನಿಮಾದಿಂದ ಗಾಯಗೊಂಡಿದ್ದ ಎಂದು ಹೇಳುವವರಿದ್ದಾರೆ. ಅದು ಸುಳ್ಳಲ್ಲ. ತನ್ನ ಒಳಗನ್ನೆಲ್ಲ ಬಗೆದು ತೆಗೆದ ಹಾಗಾಯಿತು, ಇನ್ನು ಯಾವ ಸಿನಿಮಾಕ್ಕೂ ತನ್ನನ್ನು ಅಷ್ಟು ಕೊಡುವುದಿಲ್ಲ ಎಂಬ ಅರ್ಥದಲ್ಲಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಬೆರ್ತೊಲುಚ್ಚಿಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ. ಆದರೆ ಅವನಿಗೆ ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು, ಬೆರ್ತೊಲುಚ್ಚಿಗೂ ಬಂತು. ಅವಳಿಗೆ ಬಂದದ್ದು ಹೋಟೆಲಿನಲ್ಲಿ, ವಿಮಾನದಲ್ಲಿ ಬೆಣ್ಣೆ ತಂದಿಟ್ಟು ನಗುವ ಜನ.

ಇನ್ನೊಂದು ಸಲ ನೋಡಿದಾಗ

ಆ ಸುದ್ದಿ ಓದಿದ ಮೇಲೆ ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಬ್ಬಳೇ ಕೂತು ಮತ್ತೆ ನೋಡಿದೆ. ನೋಡಬಾರದಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ನೋಡದೆ ಬರೆಯಲು ಆಗುತ್ತಿರಲಿಲ್ಲ.

ಶುರುವಿನಲ್ಲಿ ಸೇತುವೆಯ ಕೆಳಗೆ ಪಾಲ್ ನಡೆದು ಬರುತ್ತಾನೆ. ತಲೆಯ ಮೇಲೆ ಮೆಟ್ರೋ ರೈಲು ಹೋಗುತ್ತದೆ. ಎರಡೂ ಕಿವಿ ಮುಚ್ಚಿಕೊಂಡು ಆಕಾಶಕ್ಕೆ ಕೂಗುತ್ತಾನೆ. ಅಷ್ಟರಲ್ಲೇ ನನ್ನ ಗಂಟಲು ಕಟ್ಟಿತು. ಹೆಂಡತಿಯ ಶವದ ಪಕ್ಕ ಕೂತು ಮಾತಾಡುವ ದೃಶ್ಯವೂ ಹಾಗೇ. ನೇರಳೆ ಹೂಗಳ ನಡುವೆ ಅವಳನ್ನು ಮಲಗಿಸಿದ್ದಾರೆ. ಮೊದಲು ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಬೈದು ಬೈದು, ಕೊನೆಗೆ ಅವಳ ಮುಖಕ್ಕೆ ಯಾರೋ ಹಚ್ಚಿದ ಬಣ್ಣವನ್ನು ಒರೆಸುತ್ತ ಅಳುತ್ತಾನೆ. ನನ್ನ ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವರ ಪೋಸ್ಟ್‌ಕಾರ್ಡ್ ಸೈಜಿನ ಫೋಟೋದ ಮುಂದೆ ಕೂತು ಹೀಗೇ ಬೈದದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಸತ್ತವರ ಮೇಲಿನ ಸಿಟ್ಟನ್ನು ಇಷ್ಟು ಸರಿಯಾಗಿ ತೋರಿಸಿದ ಇನ್ನೊಂದು ದೃಶ್ಯ ನಾನು ಸಿನಿಮಾದಲ್ಲಿ ಕಂಡಿಲ್ಲ. ಇದನ್ನು ನಾನು ವಾಪಸ್ ತೆಗೆದುಕೊಳ್ಳಲಾರೆ. ತೆಗೆದುಕೊಂಡರೆ ಸುಳ್ಳಾಗುತ್ತದೆ.

ಬೆಣ್ಣೆಯ ಆ ದೃಶ್ಯ ಬರುವ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿದೆ. ಎದ್ದು ನೀರು ಕುಡಿದೆ. ಆಮೇಲೆ ಅದನ್ನು ದಾಟಿಸಿ ಮುಂದಿನಿಂದ ನೋಡಿದೆ. ಆಗ ಕಂಡದ್ದು ಕೊನೆಯ ದೃಶ್ಯ. ಇಷ್ಟು ವರ್ಷ ನಾನು ಅದನ್ನು ಬ್ರ್ಯಾಂಡೋನ ದೃಶ್ಯ ಎಂದೇ ನೆನಪಿಟ್ಟುಕೊಂಡಿದ್ದೆ. ಗುಂಡು ತಾಗಿದ ಮೇಲೆ ಅವನು ಬಾಲ್ಕನಿಗೆ ಹೋಗುತ್ತಾನೆ, ಬಾಯಲ್ಲಿದ್ದ ಚೂಯಿಂಗ್ ಗಮ್ ತೆಗೆದು ಕಂಬಿಯ ಕೆಳಗೆ ಅಂಟಿಸುತ್ತಾನೆ, ಮಗುವಿನ ಹಾಗೆ ಮುದುಡಿ ಬೀಳುತ್ತಾನೆ. ಈ ಸಲ ಅವಳನ್ನು ನೋಡಿದೆ. ಕೈಯಲ್ಲಿ ಅಪ್ಪನ ಪಿಸ್ತೂಲು. ಕಣ್ಣು ಎಲ್ಲೋ ನೆಟ್ಟಿದೆ. ತುಟಿ ಮಾತ್ರ ಅಲ್ಲಾಡುತ್ತದೆ. ಪೊಲೀಸರಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಇವನು ಯಾರೋ ಗೊತ್ತಿಲ್ಲ, ಬೀದಿಯಲ್ಲಿ ಹಿಂದೆ ಬಂದ, ಹೆಸರೂ ಗೊತ್ತಿಲ್ಲ. ಭಯ, ಬುದ್ಧಿ, ಸುಳ್ಳು, ನಿಜ ಎಲ್ಲಾ ಒಟ್ಟಿಗೆ ಆ ಮುಖದಲ್ಲಿದೆ. ಎಂಥ ನಟಿ! ಆ ದೃಶ್ಯಕ್ಕೆ ಅವಳಿಂದ ಯಾರೂ ಏನನ್ನೂ ಕಿತ್ತುಕೊಳ್ಳಬೇಕಾಗಿ ಬಂದಿಲ್ಲ. ಅವಳೇ ಕೊಟ್ಟಿದ್ದಾಳೆ. ಹುಡುಗಿಯ ಪ್ರತಿಕ್ರಿಯೆ ಬೇಕಿತ್ತು, ನಟಿಯದ್ದಲ್ಲ ಎಂದ ನಿರ್ದೇಶಕನ ಎದುರಿಗೇ ಒಬ್ಬ ನಟಿ ನಿಂತಿದ್ದಳು. ಅವನು ಅವಳನ್ನು ಕೇಳಿದ್ದರೆ ಸಾಕಿತ್ತು.

ಕೆನ್ನೆಗೆ ಏಟು

ಅಕ್ಕನ ಮಗಳು ಬೆಂಗಳೂರಿನಲ್ಲೇ ಒಂದು ಸೀರಿಯಲ್‌ಗೆ ಅಸಿಸ್ಟೆಂಟ್ ಡೈರೆಕ್ಟರ್. ಇಪ್ಪತ್ತಾರು ವರ್ಷ. ಪ್ಯಾರಿಸ್ಸಿನ ಸುದ್ದಿಯನ್ನು ಅವಳಿಗೆ ಹೇಳಿದಾಗ ಅವಳು ಆ ಸಿನಿಮಾ ನೋಡಿಲ್ಲ, ನೋಡುವುದೂ ಇಲ್ಲ ಎಂದಳು. ನಾನು ಸ್ವಲ್ಪ ಹೊತ್ತು ವಾದ ಮಾಡಿದೆ. ಶವದ ಮುಂದಿನ ದೃಶ್ಯದ ಬಗ್ಗೆ ಹೇಳಿದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡಳು. "ಚಿಕ್ಕಮ್ಮಾ, ನೀನು ನೋಡು, ನಾನು ಬೇಡ ಅನ್ನಲ್ಲ. ನನಗೆ ನಾಳೆ ಬೆಳಿಗ್ಗೆ ಏಳು ಗಂಟೆಗೆ ಸೆಟ್ಟಿಗೆ ಹೋಗ್ಬೇಕು. ಅದನ್ನ ನೋಡ್ಕೊಂಡು ಹೋಗೋಕೆ ನನ್ನ ಕೈಲಿ ಆಗಲ್ಲ" ಎಂದಳು.

ಆ ವರ್ಷದ ಆಗಸ್ಟ್‌ನಲ್ಲಿ ಕೇರಳದಲ್ಲಿ, ಮಲಯಾಳಂ ಸಿನಿಮಾದಲ್ಲಿ ಕೆಲಸ ಮಾಡುವ ಹೆಂಗಸರ ಪಾಡಿನ ಬಗ್ಗೆ ಹೇಮಾ ಸಮಿತಿಯ ವರದಿ ಹೊರಬಂದಿತ್ತು. ನಮ್ಮಲ್ಲೂ ಅಂಥ ಒಂದು ಸಮಿತಿ ಬೇಕೆಂದು ಕನ್ನಡ ಚಿತ್ರರಂಗದ 'ಫೈರ್' ಸಂಘಟನೆಯವರು ಮುಖ್ಯಮಂತ್ರಿಗೆ ಮನವಿ ಕೊಟ್ಟಿದ್ದರು. ಅವಳ ಸೆಟ್ಟಿನಲ್ಲಿ ಅದರ ಬಗ್ಗೆ ಚಹಾ ಹೊತ್ತಿನಲ್ಲಿ ಮಾತಾಗುತ್ತಿತ್ತಂತೆ. ಹಾಗಾಗಿ ನಾನು ಅವಳನ್ನೇ ಕೇಳಿದೆ. "ಒಂದು ಮಾತು ಹೇಳು. ಮುಂಚೆಯೇ ಹೇಳಿಬಿಟ್ಟರೆ ಅಷ್ಟು ನಿಜವಾಗಿ ಬರುತ್ತಾ ನಟನೆ?"

ಅವಳು ಒಂದು ಘಟನೆ ಹೇಳಿದಳು. ಸೀರಿಯಲ್‌ನಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುವ ಸೀನು. ಸಾಮಾನ್ಯವಾಗಿ ಕೈ ಗಾಳಿಯಲ್ಲಿ ಹೋಗುತ್ತದೆ, ಸದ್ದು ಆಮೇಲೆ ಸೇರಿಸುತ್ತಾರೆ. ಅವತ್ತು ಹೊಡೆಯುವ ನಟನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದಾರೆ. ಟೇಕಿನಲ್ಲಿ ನಿಜವಾಗಿ ಹೊಡೆದುಬಿಡಿ, ಅವಳಿಗೆ ಹೇಳಬೇಡಿ, ರಿಯಾಕ್ಷನ್ ನ್ಯಾಚುರಲ್ ಆಗಿ ಬರಲಿ. ಇವಳು ಕೈಯಲ್ಲಿ ಪ್ಯಾಡ್ ಹಿಡಿದು ಅಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು. ಆ ಹುಡುಗಿ ಕನ್ನಡಿ ಮುಂದೆ ಟಚಪ್ ಮಾಡಿಸಿಕೊಳ್ಳುತ್ತಿದ್ದಳು. ಇವಳು ಹೋಗಿ ಕಿವಿಯಲ್ಲಿ ಹೇಳಿಬಿಟ್ಟಳು.

"ಏನಂದ್ಲು?" ನಾನು ಕೇಳಿದೆ.

"ಒಂದು ನಿಮಿಷ ಸುಮ್ನಿದ್ಲು. ಆಮೇಲೆ ಅವಳೇ ಅವರ ಹತ್ರ ಹೋದ್ಲು. 'ಸರ್, ಹೊಡೆಯೋದಾದ್ರೆ ಹೊಡೀರಿ, ಆದ್ರೆ ಬಲಗೆನ್ನೆಗೆ ಬೇಡ, ಹಲ್ಲು ಕೀಳಿಸಿದ್ದೀನಿ, ಹೊಲಿಗೆ ಇದೆ' ಅಂದ್ಲು. ಆ ನಟರ ಮುಖ ಬಿಳಿಚಿಕೊಂಡ್ತು. ಅಯ್ಯೋ ಬೇಡಮ್ಮ, ಮಾಮೂಲಿ ಥರಾನೇ ಮಾಡೋಣ ಅಂದ್ರು."

"ಶಾಟ್?"

"ಗಾಳಿಗೆ ಹೊಡೆದ್ರು. ಅವಳು ಅತ್ತದ್ದು ನೋಡಿ ಮಾನಿಟರ್ ಮುಂದೆ ಯಾರೂ ಉಸಿರೆತ್ತಲಿಲ್ಲ ಚಿಕ್ಕಮ್ಮಾ."

ಇವಳಿಗೆ ಆಮೇಲೆ ಬೈಗುಳ ಬಿತ್ತು. ಅದನ್ನು ಅವಳು ಹೆಚ್ಚು ಹೇಳಲಿಲ್ಲ. ನಾನೂ ಕೆದಕಲಿಲ್ಲ. ಆ ಹೊಲಿಗೆ ಹಾಕಿದ ಬಲಗೆನ್ನೆಯ ಮೇಲೆ ಒಂದು ಕೈ ಬೀಳಬಹುದಿತ್ತು, ಅದನ್ನು ನಾವು ರಾತ್ರಿ ಎಂಟೂವರೆಗೆ ಊಟ ಮಾಡುತ್ತ ನೋಡಿ, ಎಷ್ಟು ಚೆನ್ನಾಗಿ ಮಾಡಿದ್ದಾಳೆ ಎನ್ನುತ್ತಿದ್ದೆವು. ಅದೊಂದೇ ಯೋಚನೆ ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು.

ಈಗ ಆ ಸಿನಿಮಾವನ್ನು ತೋರಿಸಬೇಕೇ ಬೇಡವೇ ಎಂದು ಕೇಳಿದರೆ ನಾನು ತೋರಿಸಿ ಎನ್ನುತ್ತೇನೆ. ಪ್ಯಾರಿಸ್ಸಿನವರು ಚರ್ಚೆ ಇಟ್ಟು ತೋರಿಸಿದ್ದರೆ ಒಳ್ಳೆಯದಿತ್ತು. ರದ್ದು ಮಾಡಿದ್ದರಿಂದ ಅವಳ ಕೊನೆಯ ದೃಶ್ಯವೂ ಕತ್ತಲಲ್ಲೇ ಉಳಿಯಿತು. ಆದರೆ ಬ್ರ್ಯಾಂಡೋನ ಹಬ್ಬ ಮಾಡುತ್ತ, ಅವಳ ಸುದ್ದಿಯನ್ನೇ ಎತ್ತದೆ ತೋರಿಸಲು ಹೊರಟದ್ದು ಮೊದಲನೆಯ ತಪ್ಪು. ನೋಡಲಾರೆ ಎನ್ನುವ ನನ್ನ ಅಕ್ಕನ ಮಗಳನ್ನು ಯಾರಾದರೂ ಮಡಿವಂತೆ ಎಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಅವಳ ಕಾರಣ ಬೇರೆ. ಅವಳು ಪರದೆಯ ಆ ಕಡೆ ಕೆಲಸ ಮಾಡುವವಳು.

ಟೀಚರ್

ಹೋದ ತಿಂಗಳು ಟೀಚರ್ ನಂಬರ್ ಹುಡುಕಿ ಫೋನ್ ಮಾಡಿದೆ. ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ದನಿ ಹಾಗೇ ಇದೆ. ಫಿಲ್ಮ್ ಸೊಸೈಟಿ, ಮಹಡಿ ಹಾಲು, ಭಾನುವಾರ ಎಂದು ನೆನಪು ಮಾಡಿಕೊಟ್ಟೆ. ನನ್ನ ಗುರುತು ಹತ್ತಿತು. "ಓ, ಬಾಯಿ ಜೋರು ಮಾಡ್ತಿದ್ದ ಹುಡುಗಿ" ಎಂದರು. ಅವತ್ತಿನ ಸಂಜೆಯ ಬಗ್ಗೆ ಹೇಳಿದೆ. ಅವರು ಹೇಳಿದ್ದು, ನಾನು ಎದುರು ಹೇಳಿದ್ದು. ನೀವು ಹೇಳಿದ್ದೇ ನಿಜವಾಗಿತ್ತು ಟೀಚರ್, ಆ ಹುಡುಗಿಯೇ ಆಮೇಲೆ ಹಾಗೆ ಹೇಳಿದಳು, ನಾನು ಅವತ್ತು ನಿಮ್ಮ ಮಾತನ್ನು ತಳ್ಳಿಹಾಕಿದ್ದಕ್ಕೆ ಕ್ಷಮಿಸಿ ಎಂದೆ.

"ಯಾವ ಸಿನಿಮಾನಮ್ಮ?" ಎಂದರು. ಹೆಸರು ಹೇಳಿದೆ. ನೆನಪಾಗಲಿಲ್ಲ. ಖಾಲಿ ಮನೆ, ಮಳೆ, ಅಳುತ್ತಿದ್ದ ಹುಡುಗಿ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ಹಾಂ ಹಾಂ. ಗುಂಗುರು ಕೂದಲು. ಹೌದು" ಎಂದರು. ನನ್ನ ಕ್ಷಮೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. "ಏನಾದಳು ಆ ಮಗು?" ಎಂದು ಕೇಳಿದರು.

ಹೇಳಿದೆ. ಆಮೇಲೂ ತುಂಬಾ ವರ್ಷ ನಟಿಸಿದಳು ಟೀಚರ್. ಆಂಟೋನಿಯೋನಿ ಎನ್ನುವ ಇಟಲಿಯ ನಿರ್ದೇಶಕನ ಒಂದು ಸಿನಿಮಾದಲ್ಲಿ ಬಹಳ ಚೆನ್ನಾಗಿ ಮಾಡಿದಳು. ನಡುವೆ ಡ್ರಗ್ಸ್ ಹಿಡಿಯಿತು, ತುಂಬಾ ಕಷ್ಟಪಟ್ಟಳು, ಅದರಿಂದ ಹೊರಗೂ ಬಂದಳು. ಆಮೇಲೆ ಬೆತ್ತಲೆ ದೃಶ್ಯ ಬೇಡ ಎಂದು ಗಟ್ಟಿಯಾಗಿ ನಿಂತಳು. 2011ರಲ್ಲಿ ಕ್ಯಾನ್ಸರ್‌ನಿಂದ ಹೋದಳು. ಐವತ್ತೆಂಟು ವರ್ಷ.

"ಅಯ್ಯೋ" ಎಂದರು ಟೀಚರ್. "ಹೆಸರೇನು ಅಂದೆ ಅವಳದ್ದು?"

ನಾನು ಆವರೆಗೂ ಹೇಳಿರಲಿಲ್ಲ. ಅವತ್ತು ಮಳೆಯಲ್ಲಿ ಸಿಕ್ಕಿಹಾಕಿಕೊಂಡು ಅಷ್ಟು ಹೊತ್ತು ಚರ್ಚೆ ಮಾಡಿದ್ದೆವಲ್ಲ, ಆಗಲೂ ಆ ಹೆಸರನ್ನು ಯಾರೂ ಹೇಳಿದ ನೆನಪು ನನಗಿಲ್ಲ.

"ಮರಿಯಾ ಶ್ನೈಡರ್" ಎಂದೆ.

"ನಿಧಾನ, ಕಿವಿ ಸರಿ ಕೇಳಲ್ಲ. ಬಿಡಿಸಿ ಹೇಳು."

ಬಿಡಿಸಿ ಹೇಳಿದೆ. ಅವರು ಆ ಕಡೆಯಿಂದ ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತಿದ್ದರು.